ಗಡ್ಡೆ ಯಾವುದು, ಅಕ್ಕ ಯಾರು ಎಂದು ಕಷಾಯಕ್ಕೇನು ಗೊತ್ತು?

ಈಚೆಗೆ ಒಂದು ಸೋಮವಾರ ನಮ್ಮಕ್ಕನಿಗೆ ಕರೆಂಟ್ ಕೊಡದೆ ಆಸ್ಪತ್ರೆಯಿಂದ ವಾಪಸ್ ಕಳಿಸಿಬಿಟ್ಟರು.

ಯಂತ್ರ ಕೆಟ್ಟಿರಲಿಲ್ಲ. ಲೋಡ್ ಶೆಡ್ಡಿಂಗ್ ಇರಲಿಲ್ಲ. ಡಾಕ್ಟರು ರಜೆ ಹಾಕಿರಲಿಲ್ಲ. ನಾವೂ ತಡವಾಗಿ ಹೋಗಿರಲಿಲ್ಲ (ಆಫೀಸಿಗೆ ಹೇಗೋ ಏನೋ, ಆಸ್ಪತ್ರೆಗೆ ಮಾತ್ರ ನಾನು ಹೊತ್ತಿಗೆ ಮುಂಚೆ ಹೋಗುವ ಮನುಷ್ಯ). ಕೆಟ್ಟಿದ್ದು ಅಕ್ಕನ ರಕ್ತ.

ಕರೆಂಟ್ ಅಂದರೆ ಏನೆಂದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಗೊತ್ತಿಲ್ಲದವರು ಪುಣ್ಯವಂತರು. ಕ್ಯಾನ್ಸರ್ ಗಡ್ಡೆಯ ಮೇಲೆ ಕಿರಣ ಬಿಟ್ಟು ಅದನ್ನು ಸಾಯಿಸುವುದಕ್ಕೆ ಡಾಕ್ಟರುಗಳು ರೇಡಿಯೇಷನ್ ಅನ್ನುತ್ತಾರೆ. ನಮ್ಮ ಕಡೆ ಎಲ್ಲರೂ ಅನ್ನುವುದು 'ಕರೆಂಟ್ ಇಡೋದು'. ಕ್ಯಾನ್ಸರ್ ಎಂಬ ಮಾತನ್ನಂತೂ ಮನೆಯೊಳಗೆ ಯಾರೂ ಆಡುವುದಿಲ್ಲ. 'ಅದು' ಅನ್ನುತ್ತಾರೆ. "ಗೌರಕ್ಕಗೆ ಅದು ಆಗೈತಂತೆ." ಹೆಸರು ಹಿಡಿದು ಕರೆದರೆ ಎಲ್ಲಿ ತಿರುಗಿ ನೋಡುತ್ತದೋ ಎಂಬ ಭಯ.

ಗೌರಕ್ಕ ನನಗಿಂತ ಹತ್ತಾರು ವರ್ಷ ದೊಡ್ಡವಳು. ಅವ್ವ ಬೇಗ ಹೋದ ಮೇಲೆ ನನಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು. ಹರಿಹರಕ್ಕೆ ಮದುವೆಯಾಗಿ ಹೋದಳು. ಭಾವನದು ಅಲ್ಲಿ ಬಟ್ಟೆ ಅಂಗಡಿ. ಅಕ್ಕನಿಗೆ ಇದ್ದ ಒಂದೇ ಚಟ ಎಲೆ, ಅಡಿಕೆ, ಅದರ ಜೊತೆ ಒಂದು ಚೂರು ಹೊಗೆಸೊಪ್ಪು. ಯಾವತ್ತೋ ಹಲ್ಲುನೋವಿಗೆ ಅಂತ ಯಾರೋ ಕೊಟ್ಟಿದ್ದು, ಹಲ್ಲು ಹೋದರೂ ಹೊಗೆಸೊಪ್ಪು ಹೋಗಲಿಲ್ಲ. ಎಡಗೆನ್ನೆಯ ಒಳಗೆ ಒಂದು ಹುಣ್ಣಾಯಿತು. ವಾಸಿಯಾಗಲಿಲ್ಲ. ಮುಂದಿನದು ನಿಮಗೆ ಗೊತ್ತೇ ಇದೆ.

ಕರೆಂಟನ್ನು ಭಾನುವಾರ ಬಿಟ್ಟು ದಿನಾ ಕೊಡಬೇಕು. ಹರಿಹರದಿಂದ ದಿನಾ ಬಸ್ಸಿನಲ್ಲಿ ಕುಲುಕಾಡಿಕೊಂಡು ಬರುವುದು ಆಗದ ಮಾತು ಎಂದು ಅಕ್ಕನನ್ನು ಆಸ್ಪತ್ರೆಗೆ ಹತ್ತಿರದ ನಿಟ್ಟುವಳ್ಳಿಯ ನಮ್ಮ ಮನೆಗೇ ಕರೆದುಕೊಂಡು ಬಂದೆ. ಬೆಳಿಗ್ಗೆ ಆಟೋ, ಆಸ್ಪತ್ರೆ, ಮತ್ತೆ ಆಟೋ. ಕೆನ್ನೆಯ ಮೇಲೆ ಕಿರಣ ಬೀಳುವ ಜಾಗಕ್ಕೆ ನೇರಳೆ ಇಂಕಿನ ಗೆರೆಗಳು. ಆ ಗೆರೆ ಅಳಿಸಬಾರದು, ಆ ಜಾಗಕ್ಕೆ ನೀರು ಸೋಕಿಸಬಾರದು. ಬೀದಿಯ ಜನ ನೋಡುತ್ತಾರೆಂದು ಅಕ್ಕ ಸೆರಗನ್ನು ಕಿವಿಯ ಮೇಲಿಂದ ಎಳೆದುಕೊಂಡು ಕೂರುತ್ತಿದ್ದಳು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಲಿಂಗ ಕಟ್ಟಿಕೊಳ್ಳುತ್ತೇವೆ. ಅಕ್ಕನದು ಬೆಳ್ಳಿಯ ಕರಡಿಗೆಯಲ್ಲಿ, ಶಿವದಾರದ ಜೊತೆ ಕೊರಳಲ್ಲಿ ಇರುತ್ತದೆ. ನಾನು ಕಟ್ಟಿಕೊಂಡರೆ ಕಟ್ಟಿಕೊಂಡೆ, ಬಿಟ್ಟರೆ ಬಿಟ್ಟೆ ಎನ್ನುವ ಜಾತಿ. ಅಕ್ಕ ಹಾಗಲ್ಲ. ಸ್ನಾನಕ್ಕೂ ತೆಗೆಯುವವಳಲ್ಲ. ಆದರೆ ಮೊದಲ ದಿನವೇ ಆಸ್ಪತ್ರೆಯಲ್ಲಿ, "ಕುತ್ತಿಗೆಯಲ್ಲಿ ಏನೂ ಇರಬಾರದು" ಎಂದರು. ಅಕ್ಕ ಒಂದು ಕ್ಷಣ ನಿಂತಳು. ಆಮೇಲೆ ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು. "ಕೆಳಗೆ ಇಡಬ್ಯಾಡ ತಮ್ಮಾ. ಕಿಸೇದಾಗೂ ಹಾಕ್ಬ್ಯಾಡ."

ಆಮೇಲೆ ದಿನಾ ಅದೇ. ಅಕ್ಕ ಒಳಗೆ. ದಪ್ಪ ಬಾಗಿಲು ಮುಚ್ಚುತ್ತದೆ. ಹೊರಗಿನ ಬೆಂಚಿನ ಮೇಲೆ ನಾನು, ಅಂಗೈಯಲ್ಲಿ ಲಿಂಗ. ಮೂಗು ತುರಿಸಿದರೂ ಎಡಗೈಯಲ್ಲೇ ಕೆರೆದುಕೊಳ್ಳಬೇಕು. ಕೂತವರೆಲ್ಲ ನನ್ನನ್ನೇ ನೋಡುತ್ತಾರೇನೋ ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ ಅದು ಕೈಯಲ್ಲಿ ಇದ್ದದ್ದು ನನಗೆ ಒಳ್ಳೆಯದೇ ಆಗಿತ್ತು. ಇಲ್ಲದಿದ್ದರೆ ಕೈ ನಡುಗುವುದು ಎಲ್ಲರಿಗೂ ಕಾಣುತ್ತಿತ್ತು.

ಈಗ ಆ ಸೋಮವಾರಕ್ಕೆ ಬರೋಣ.

"ಬಿಳಿ ರಕ್ತಕಣ ತುಂಬಾ ಇಳಿದಿವೆ ಸರ್. ಇವತ್ತು ಬೇಡ," ಎಂದರು ಡಾಕ್ಟರು. ಸಣ್ಣ ವಯಸ್ಸಿನವರು, ತಾಳ್ಮೆಯ ಮನುಷ್ಯ. ಅವತ್ತು ಮಾತ್ರ ಹಣೆ ಗಂಟು ಹಾಕಿಕೊಂಡಿದ್ದರು.

"ಕರೆಂಟಿನಿಂದಲೇ ಹಾಗಾಗುತ್ತಾ?" ಎಂದೆ.

"ಕೊಡ್ತಿರೋದು ಕೆನ್ನೆ, ಕುತ್ತಿಗೆಗೆ ಮಾತ್ರ. ಅದಕ್ಕೆ ಇಷ್ಟು ಇಳೀಬಾರದು." ಅಕ್ಕನ ಕಡೆ ತಿರುಗಿದರು. "ಅಮ್ಮಾ, ಬೇರೆ ಏನಾದರೂ ಔಷಧಿ, ಮಾತ್ರೆ ತಗೊಳ್ತಿದೀರಾ?"

"ಇಲ್ರಿ ಡಾಕ್ಟ್ರೇ. ನೀವು ಕೊಟ್ಟಿದ್ದೇ."

ಸುಳ್ಳಲ್ಲ ಅದು. ನಮ್ಮಕ್ಕ ಸುಳ್ಳು ಹೇಳುವವಳಲ್ಲ. ಅವಳ ಪಾಲಿಗೆ ಔಷಧಿ ಎಂದರೆ ಅಂಗಡಿಯಲ್ಲಿ ಚೀಟಿ ಕೊಟ್ಟು ತರುವುದು. ಅದು ಬಿಟ್ಟು ಒಲೆಯ ಮೇಲೆ ಏನು ಕುದ್ದರೂ ಅದು ಅಡುಗೆಮನೆಯ ವ್ಯವಹಾರ. ಅದನ್ನು ಡಾಕ್ಟರಿಗೆ ಯಾಕೆ ಹೇಳಬೇಕು? ನೀವು ಹೇಳುತ್ತೀರಾ?

ಎಷ್ಟು ದಿನ ನಿಲ್ಲಿಸಬೇಕು ಎಂದು ಕೇಳಿದೆ. ರಕ್ತ ಏರುವವರೆಗೆ ಎಂದರು. ಅಲ್ಲಿಯವರೆಗೆ ಗಡ್ಡೆ ಏನು ಮಾಡುತ್ತದೆ ಎಂದು ಕೇಳಿದೆ. ಅವರು ಅಕ್ಕನನ್ನು ಹೊರಗೆ ಕೂರಿಸಿ ಬರಲು ಹೇಳಿದರು.

"ಅದು ರಜೆ ತಗೊಳ್ಳಲ್ಲ ಸರ್," ಎಂದರು. "ನಾವು ಏಟು ಕೊಡ್ತೀವಿ, ಗಡ್ಡೆಯ ಕಣಗಳು ತಮ್ಮ ಪೆಟ್ಟನ್ನ ತಾವೇ ರಿಪೇರಿ ಮಾಡ್ಕೊಳ್ತವೆ. ಪೂರ್ತಿ ಮಾಡ್ಕೊಳ್ಳೋಷ್ಟರಲ್ಲಿ ಇನ್ನೊಂದು ಏಟು ಬೀಳಬೇಕು. ಅದಕ್ಕೇ ದಿನಾ ಬನ್ನಿ ಅನ್ನೋದು. ಮಧ್ಯೆ ಬಿಟ್ಟರೆ ಉಳಿದವು ಮತ್ತೆ ಬೆಳೆಯೋಕೆ ಶುರು ಮಾಡ್ತವೆ."

"ಹಾಗಾದರೆ ಇಲ್ಲಿಯವರೆಗೆ ಕೊಟ್ಟಿದ್ದು?"

"ನೀರಲ್ಲಿ ಹೋಮ ಆಗೋಕೆ ಬಿಡಬಾರದು. ಮನೆಯಲ್ಲಿ ಏನು ತಿಂತಾರೆ, ಏನು ಕುಡಿತಾರೆ, ಸರಿಯಾಗಿ ನೋಡಿ."

ಆಟೋದಲ್ಲಿ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರು ಯಾಕ ಹಂಗೆ ಮುಖ ಮಾಡಿದ್ರು ತಮ್ಮಾ?" ಏನೂ ಇಲ್ಲ, ಅವರಿಗೆ ತಲೆನೋವಂತೆ ಎಂದೆ. ಸುಳ್ಳು ಹೇಳುವವನು ನಾನು.

ಮನೆಗೆ ಬಂದವನೇ ಉಮಾಳನ್ನು ಹಿತ್ತಲಿಗೆ ಕರೆದೆ. ಉಮಾ ಎಂದರೆ ನನ್ನ ಹೆಂಡತಿ, ನಿಮಗೆ ಹಳೆಯ ಪರಿಚಯ (ಈ ಅಂಕಣದಲ್ಲಿ ಕುಕ್ಕರ್ ಸೀಟಿಯ ಬಗ್ಗೆ ಬರೆದಾಗ ಒಂದು ವಾರ ಮಾತು ಬಿಟ್ಟವಳು). ಅಕ್ಕನಿಗೆ ಏನೇನು ಕೊಡುತ್ತಿದ್ದೀಯಾ ಎಂದು ಕೇಳಿದೆ. ಕೇಳಿದ ಧಾಟಿ ಸರಿ ಇರಲಿಲ್ಲ. ಅವಳ ಮುಖ ಬಿಳುಚಿಕೊಂಡಿತು.

"ಗಂಜಿ, ಮೆತ್ತನ್ನ ಅನ್ನ, ಮಜ್ಜಿಗೆ. ಆಮೇಲೆ ಕಷಾಯ."

"ಯಾವ ಕಷಾಯ?"

"ಎಲ್ಲಾರೂ ತಂದು ಕೊಟ್ಟಿದ್ದು. ನಿಮಗೂ ಗೊತ್ತಲ್ರಿ, ದಿನಾ ಕುದಿಯೋವಾಗ ಏನು ಗಮಗಮ ಅಂತೈತೆ ಅಂತ ನೀವೇ ಅಂದಿದ್ರಿ." ಆಮೇಲೆ ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು. "ಕುದಿಸಿ ಕೊಟ್ಟಾಕಿ ನಾನು. ನಾಳೆ ಅಕ್ಕಾರಿಗೆ ಏನರ ಆದ್ರೆ ನಿಮ್ಮೋರೆಲ್ಲ ನನ್ನ ಕಡೇನೇ ಬೊಟ್ಟು ಮಾಡ್ತಾರೆ."

ಅವಳ ಭಯವೂ ನಿಜವೇ. ನಮ್ಮೂರಿನ ಪದ್ಧತಿ ನಿಮಗೆ ಹೇಳಬೇಕೇ? ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಮೊದಲು ಬ್ರೆಡ್ಡು, ಎಳನೀರು ಬಂದವು. ಅಕ್ಕನಿಗೆ ಬಾಯಿ ತೆರೆಯಲು ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಸೊಪ್ಪು ಶುರುವಾಯಿತು. ಮಂಡಿಪೇಟೆಯ ಚಿಕ್ಕಪ್ಪ ಅಮೃತಬಳ್ಳಿ ತಂದರು. ಭಾನುವಳ್ಳಿಯ ಸೋದರತ್ತೆ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಎಂಥದೋ ಪುಡಿ ತಂದಳು. ಹರಿಹರದಲ್ಲಿ ಅಕ್ಕನ ಪಕ್ಕದ ಮನೆಯ ಮೆಹಬೂಬಿ ಕರಿಜೀರಿಗೆ ತಂದಳು. ಬೀದಿಯವರು ಬೇವು, ತುಳಸಿ. ಯಾರದನ್ನೂ ಬೇಡ ಎನ್ನುವಂತಿಲ್ಲ. ಒಬ್ಬರದು ಕುಡಿದು ಇನ್ನೊಬ್ಬರದು ಬಿಟ್ಟರೆ ಅದೂ ಕಷ್ಟ. ಮುಂದಿನ ಸಲ ಬಂದವರು ಕೇಳಿಯೇ ಕೇಳುತ್ತಾರೆ, "ನಾನು ಕೊಟ್ಟಿದ್ದು ಕುಡಿದ್ಯಾ?" ಅಂತ.

ಅದಕ್ಕೆ ಅಕ್ಕನೇ ಒಂದು ಉಪಾಯ ಮಾಡಿದ್ದಳು. ಎಲ್ಲರದನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸುವುದು. ಯಾರ ಮನಸ್ಸೂ ನೋಯಬಾರದು. ಯಾರು ಕೇಳಿದರೂ "ಕುಡಿದೆ" ಅನ್ನಬಹುದು. ಹುಣ್ಣಾದ ಬಾಯಿಯಲ್ಲಿ ಆ ಕಹಿಯನ್ನು ಗುಟುಕು ಗುಟುಕಾಗಿ ಇಳಿಸುತ್ತಿದ್ದಳು, ಕಣ್ಣಲ್ಲಿ ನೀರು ಬಂದರೂ. ಎಷ್ಟು ಗಟ್ಟಿಗಿತ್ತಿ ನಮ್ಮಕ್ಕ ಎಂದು ನಾನು ಹೆಮ್ಮೆ ಪಡುತ್ತಿದ್ದೆ.

ಹೆಮ್ಮೆಯ ಜೊತೆ ಕಷಾಯದ ಮೇಲೆ ನಂಬಿಕೆಯೂ ಇತ್ತು. ಚಿಕಿತ್ಸೆ ಶುರುವಾದ ಹೊಸದರಲ್ಲಿ ಇದೇ ಡಾಕ್ಟರು ಮಾತಿಗೆ ಮಾತು ಬಂದು ಒಂದು ಸಂಗತಿ ಹೇಳಿದ್ದರು. ಗಿಡಮೂಲದ ಕೆಲವು ಅಂಶಗಳಿವೆಯಂತೆ. ಅರಿಶಿನದ ಹಳದಿಯಲ್ಲೂ ಅಂಥದ್ದೊಂದು ಇದೆಯಂತೆ. ಕಿರಣ ಬಿಡುವ ಮುಂಚೆ ಅದನ್ನು ಗಡ್ಡೆಯ ಕಣಗಳಿಗೆ ಸೋಕಿಸಿದರೆ ಅವಕ್ಕೆ ಆ ರಿಪೇರಿ ಕೆಲಸ ಮಾಡಿಕೊಳ್ಳಲು ಆಗುವುದಿಲ್ಲವಂತೆ. ಅಂದರೆ ಅದೇ ಕರೆಂಟು, ಗಡ್ಡೆಗೆ ಹೆಚ್ಚು ಪೆಟ್ಟು. ಪ್ರಯೋಗಶಾಲೆಗಳಲ್ಲಿ ನೋಡುತ್ತಿದ್ದಾರೆ, ಮುಂದೆ ಒಳ್ಳೆಯ ಔಷಧಿ ಬರಬಹುದು ಎಂದಿದ್ದರು. ಅದೇ ಓಘದಲ್ಲಿ ಯಾವುದೋ ಹೂವಿನ ಹೆಸರನ್ನೂ ಹೇಳಿದರು. ನನ್ನ ತಲೆಯಲ್ಲಿ ಅರಿಶಿನ ಮಾತ್ರ ಉಳಿಯಿತು. ಅಕ್ಕ ಪಕ್ಕದಲ್ಲೇ ನೆಲ ನೋಡುತ್ತಾ ಕೂತಿದ್ದಳು. ಅವಳು ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಂಡಿದ್ದೆ.

ಗಿಡದ್ದು ಎಂದ ಕೂಡಲೇ ನಮಗೆಲ್ಲ ಎಷ್ಟು ಧೈರ್ಯ ನೋಡಿ! ಈಗ ಸೋಪೂ ಹರ್ಬಲ್, ಹಲ್ಲುಪುಡಿಯೂ ಹರ್ಬಲ್. ಟಿವಿಯಲ್ಲಿ ಎಲೆಯ ಚಿತ್ರ ತೋರಿಸಿದರೆ ಸಾಕು, ಸೈಡ್ ಎಫೆಕ್ಟ್ ಇಲ್ಲ ಎಂದು ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಅಕ್ಕನ ಕೆನ್ನೆಯನ್ನು ತಿಂದ ಹೊಗೆಸೊಪ್ಪು ಎಲ್ಲಿ ಬೆಳೆದಿತ್ತು? ಫ್ಯಾಕ್ಟರಿಯಲ್ಲೇ?

ಸೋಮವಾರವೇ ಕಷಾಯ ನಿಲ್ಲಿಸಿ, ಕಾರಣ ಹೇಳದೆ ಇನ್ನು ಎಲ್ಲಾ ಬಿಡು ಎಂದು ಅಕ್ಕನಿಗೆ ಹೇಳಿದೆ. ಮಂಗಳವಾರ ಬೆಳಿಗ್ಗೆ ಕಷಾಯದ ಪಾತ್ರೆಯನ್ನೇ ಚೀಲದಲ್ಲಿ ಇಟ್ಟುಕೊಂಡು ಡಾಕ್ಟರ ಮುಂದೆ ಇಟ್ಟೆ. ಅವರು ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಆದರೆ ನೀವೇ ಹೇಳಿದ್ದಿರಲ್ಲ ಸರ್, ಗಿಡದ ಅಂಶ ಗಡ್ಡೆಯನ್ನು ಮೆತ್ತಗೆ ಮಾಡುತ್ತೆ ಅಂತ," ಎಂದೆ.

"ಹೇಳಿದ್ದು ಪ್ರಯೋಗಶಾಲೆಯ ಗಾಜಿನ ತಟ್ಟೆಯ ವಿಷಯ. ಗಾಜಿನ ತಟ್ಟೆಯಲ್ಲಿ ಗಡ್ಡೆಯ ಕಣ ಮಾತ್ರ ಇರುತ್ತೆ ಸರ್. ಇಲ್ಲಿ ಗಡ್ಡೆ ಜೊತೆಗೆ ನಿಮ್ಮಕ್ಕ ಇದ್ದಾರೆ." ಸ್ವಲ್ಪ ತಡೆದು ಹೇಳಿದರು. "ಗಡ್ಡೆ ಮಾತ್ರ ಮೆತ್ತಗಾಗಬೇಕು, ಗಂಟಲು ಮೆತ್ತಗಾಗಬಾರದು, ರಕ್ತ ಮೆತ್ತಗಾಗಬಾರದು. ಅದನ್ನ ಸಾಧಿಸೋಕೇ ಅಷ್ಟೊಂದು ಜನ ಒದ್ದಾಡ್ತಿರೋದು. ಯಾವ ಅಂಶ, ಎಷ್ಟು, ಯಾವಾಗ ಅಂತ ಅಳೆದು ನೋಡಬೇಕು. ಈ ಪಾತ್ರೆಯಲ್ಲಿ ಏನೇನಿದೆ, ನಿಮಗೇ ಗೊತ್ತಿಲ್ಲ."

ನನಗೆ ಆ ಕ್ಷಣಕ್ಕೆ ಅರ್ಥವಾಯಿತು. ಕಷಾಯ ಗಂಟಲಿನಿಂದ ಇಳಿಯುತ್ತದೆ. ಗಡ್ಡೆ ಯಾವುದು, ಅಕ್ಕ ಯಾರು ಎಂದು ಅದಕ್ಕೆ ಹೇಳುವವರು ಯಾರು? ಇಷ್ಟು ದಿನ ಅದು ಯಾರನ್ನು ಮೆತ್ತಗೆ ಮಾಡುತ್ತಿತ್ತು?

ಒಂದೊಂದು ಸೊಪ್ಪೂ ಏನೆಂದು ತಿಳಿದುಕೊಂಡು ಬನ್ನಿ ಎಂದರು ಡಾಕ್ಟರು. ಅಲ್ಲಿಂದ ಸೀದಾ ಮಂಡಿಪೇಟೆಗೆ ಸ್ಕೂಟರ್ ಓಡಿಸಿದೆ. ಚಿಕ್ಕಪ್ಪನದು ಮೆಣಸಿನಕಾಯಿ ಅಡತಿ ಅಂಗಡಿ. ಅಲ್ಲಿ ಗಂಭೀರವಾದ ಮಾತು ಆಡುವುದು ಸುಲಭವಲ್ಲ. ಪ್ರತಿ ಮಾತಿಗೂ ಸೀನು ಬರುತ್ತದೆ.

"ಚಿಕ್ಕಪ್ಪ, ನೀವು ಅಕ್ಕನಿಗೆ ಕೊಟ್ಟಿದ್ದು ನಿಜವಾಗಲೂ ಅಮೃತಬಳ್ಳಿಯೇನಾ?"

"ಮತ್ತೇನು ವಿಷ ಕೊಟ್ಟೆ ಅಂತೀಯೇನಲೇ?" ಗಿರಾಕಿಗಳೆಲ್ಲ ತಿರುಗಿ ನೋಡಿದರು. "ಹೆಸರಾಗೇ ಅಮೃತ ಐತೆ! ನಾನೇ ಹರ್ಕಂಡು ಬಂದೀನಿ. ನಮ್ಮ ಮನೆ ಮಗಳಿಗೆ ನಾನು ಕೆಟ್ಟದ್ದು ಮಾಡ್ತೀನೇನು? ಆ ಭಾನುವಳ್ಳಿ ಪುಡಿ ಕೇಳು ಹೋಗು ಮೊದ್ಲು!"

ಸೀನುತ್ತಾ ಹೊರಗೆ ಬಂದೆ. ಸ್ಕೂಟರಿನ ಹತ್ತಿರ ಬರುವಷ್ಟರಲ್ಲಿ ಚಿಕ್ಕಪ್ಪ ಹಿಂದೆಯೇ ಬಂದರು. ದನಿ ಇಳಿದಿತ್ತು. "ಲೇ, ನಿಜ ಹೇಳು. ನಂದ್ರಿಂದ್ಲೇ ಆತೇನು?" ಅಷ್ಟು ದೊಡ್ಡ ಮನುಷ್ಯ, ಮಂಡಿಯಲ್ಲಿ ಕೂಗಿದರೆ ಎದುರು ಸಾಲಿನವರೂ ತಿರುಗಿ ನೋಡಬೇಕು, ನನ್ನ ಹ್ಯಾಂಡಲ್ ಹಿಡಿದುಕೊಂಡು ನಿಂತಿದ್ದರು. ಗೊತ್ತಿಲ್ಲ ಚಿಕ್ಕಪ್ಪ ಎಂದೆ.

ಮರುದಿನ ಭಾನುವಳ್ಳಿಗೆ ಹೊರಟೆ. ಆ ಪುಡಿಯ ಮೇಲೆ ನನಗೂ ಅನುಮಾನ ಬಲವಾಗಿತ್ತು. ಹರಿಹರದಲ್ಲಿ ಬಸ್ಸು ಬದಲಾಯಿಸಬೇಕು. ನಡುವೆ ಸ್ವಲ್ಪ ಹೊತ್ತಿತ್ತು, ಮೆಹಬೂಬಿಯ ಬಳೆ ಅಂಗಡಿಗೆ ಹೋದೆ. ಅಕ್ಕ ಮತ್ತು ಮೆಹಬೂಬಿಯದು ಗೋಡೆ ಹಂಚಿಕೊಂಡ ಮನೆಗಳು. ಅಕ್ಕ ಹರಿಹರಕ್ಕೆ ಹೋದಾಗಿನಿಂದ ಇಬ್ಬರೂ ಒಂದೇ ಜೀವ.

ವಿಷಯ ಕೇಳಿ ಅವಳು ಕೈಯಲ್ಲಿದ್ದ ಬಳೆಗಳನ್ನು ಕೆಳಗಿಟ್ಟಳು. "ಖುದಾ ಕಸಮ್ ಅಣ್ಣಾ, ನಾನು ಕೊಟ್ಟಿದ್ದು ಕರಿಜೀರಿಗಿ ಅಷ್ಟೇ. ನಮ್ಮ ಮನೆಯಾಗೆ ದಿನಾ ತಿಂತೀವಿ." ಆಮೇಲೆ ಏನೋ ನೆನಪಾದಂತೆ ನನ್ನ ಮುಖ ನೋಡಿದಳು. "ಮತ್ತೆ ಆ ಹೂವು ಹಾಕಾದು ಬಿಟ್ರಾ ಇಲ್ಲಾ?"

"ಯಾವ ಹೂವು?"

"ನಿಮ್ಮ ಗೇಟ್ ಹತ್ರ ಐತಲ್ಲ ಅಣ್ಣಾ, ನಿತ್ಯಪುಷ್ಪ. ಹೋದ್ಸಲ ನಾನು ಬಂದಾಗ ಗೌರಕ್ಕ ತೋರ್ಸಿದ್ಲು. 'ನೋಡು ಮೆಹಬೂಬಿ, ಡಾಕ್ಟ್ರು ಹೇಳಿದ ಹೂವು ಇದೇ, ಇದ್ರಾಗೇ ನನ್ನ ರೋಗದ ಇಂಜೆಕ್ಷನ್ ಮಾಡ್ತಾರಂತೆ, ತಮ್ಮನ ಬಾಗ್ಲಾಗೇ ಐತೆ' ಅಂದ್ಲು. ಪೂಜಿಗೆ ಹರೀತಾಳೆ ಅನ್ಕಂಡೆ. ಆಮ್ಯಾಲೆ ಕಷಾಯಕ್ಕೂ ಹಾಕ್ತೀನಿ ಅಂದ್ಲು."

ಭಾನುವಳ್ಳಿಯ ಬಸ್ಸು ನನ್ನ ಎದುರೇ ಹೋಯಿತು. ನಾನು ಹತ್ತಲಿಲ್ಲ.

ನಿತ್ಯಪುಷ್ಪ ನಿಮಗೆ ಗೊತ್ತು. ಕೆಲವರು ಕಾಶಿಕಣಗಿಲೆ ಎನ್ನುತ್ತಾರೆ. ಬಿಳಿ, ನೇರಳೆ, ಐದು ಎಸಳು. ನೀರು ಹಾಕದಿದ್ದರೂ ಬೆಳೆಯುತ್ತದೆ, ಯಾರೂ ನೆಡದಿದ್ದರೂ ಹುಟ್ಟುತ್ತದೆ. ನಮ್ಮ ಗೇಟಿನ ಪಕ್ಕ ಒಂದು ಪೊದೆಯೇ ಇದೆ. ನಾನು ಸ್ಕೂಟರ್ ನಿಲ್ಲಿಸುವುದೇ ಅದಕ್ಕೆ ಒರಗಿಸಿ. ಅದನ್ನು ಬಿಟ್ಟು ಊರೆಲ್ಲ ಅಲೆದಿದ್ದೆ. ಮಂಡಿಪೇಟೆಯಲ್ಲಿ ಸೀನಿ ಬಂದಿದ್ದೆ, ಹಿರಿಯರ ಮೇಲೆ ಅನುಮಾನ ಪಟ್ಟಿದ್ದೆ.

ಡಾಕ್ಟರಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. "ಹೌದು ಸರ್, ಆ ಗಿಡದಿಂದ ಇಂಜೆಕ್ಷನ್ ಮಾಡೋದು ನಿಜ. ರಕ್ತದ ಕ್ಯಾನ್ಸರಿಗೆ ಕೊಡ್ತೀವಿ. ಅದನ್ನ ಎಷ್ಟು ಅಳೆದು ಕೊಡ್ತೀವಿ ಅಂದ್ರೆ, ಸ್ವಲ್ಪ ಹೆಚ್ಚಾದರೂ ರಕ್ತಕಣ ಇಳಿಯುತ್ತೆ, ನರಕ್ಕೆ ತೊಂದರೆ ಆಗುತ್ತೆ. ಇದರಿಂದಲೇ ಹೀಗಾಯ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಇವತ್ತೇ ನಿಲ್ಲಿಸಿ. ಧೈರ್ಯ ಬರಲಿ ಅಂತ ಅವತ್ತು ಹೇಳಿದ್ದೆ." ಕೊನೆಯ ಮಾತನ್ನು ಅವರು ತಮಗೇ ಹೇಳಿಕೊಂಡಂತಿತ್ತು.

ಕಷಾಯ ಸೋಮವಾರವೇ ನಿಂತಿದೆಯಲ್ಲ ಎಂಬ ಸಮಾಧಾನದಲ್ಲಿ ಮನೆಗೆ ಬಂದೆ. ಅಕ್ಕ ಮಲಗಿದ್ದಳು. ಎಬ್ಬಿಸಿ ಕೇಳಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಕೇಳಿದರಾಯಿತು ಎಂದುಕೊಂಡೆ.

ಬೆಳಿಗ್ಗೆ ಹಲ್ಲುಜ್ಜುತ್ತಾ ಕಿಟಕಿಯಿಂದ ನೋಡಿದೆ. ಅಕ್ಕ ಗೇಟಿನ ಹತ್ತಿರ ಬಗ್ಗಿದ್ದಳು. ಹೂವು ಮಾತ್ರವಲ್ಲ, ಎಲೆ ಸಮೇತ ಕುಡಿಗಳನ್ನು ಚಿವುಟಿ ತಟ್ಟೆಗೆ ಹಾಕುತ್ತಿದ್ದಳು. ಒಳಗೆ ಬಂದು ಲಿಂಗಪೂಜೆಗೆ ಕೂತಳು. ಅಂಗೈಯಲ್ಲಿ ಲಿಂಗ, ವಿಭೂತಿ, ಪತ್ರೆ, ಆ ಹೂವು. ತುಟಿ ಅಲ್ಲಾಡಿದರೆ ಕೆನ್ನೆ ನೋಯುತ್ತದೆ, ಆದರೂ ಮಂತ್ರ ಬಿಡಲಿಲ್ಲ. ಪೂಜೆ ಮುಗಿಯಿತು. ಏರಿಸಿದ ಹೂವು, ಎಲೆಗಳನ್ನೆಲ್ಲ ಒಟ್ಟು ಮಾಡಿ ಲೋಟಕ್ಕೆ ಹಾಕಿದಳು. ಮೇಲೆ ಬಿಸಿನೀರು ಸುರಿದು ತಟ್ಟೆ ಮುಚ್ಚಿದಳು.

ಬಾಯಿಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿದೆ. ಲೋಟ ಕಿತ್ತುಕೊಂಡೆ. ಬಿಸಿನೀರು ನನ್ನ ಕೈ ಮೇಲೆ, ನೆಲದ ಮೇಲೆ.

"ಅಕ್ಕಾ, ಎಲ್ಲಾ ಬಿಡು ಅಂತ ಹೇಳಿರಲಿಲ್ವಾ?"

"ಎಲ್ಲಾ ಬಿಟ್ಟೀನಲ್ಲೋ. ಅವ್ರಿವ್ರು ತಂದಿದ್ದು ಒಂದೂ ಮುಟ್ಟಿಲ್ಲ." ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಇದು ಲಿಂಗಕ್ಕೆ ಏರ್ಸಿದ್ದು. ಪ್ರಸಾದ. ಪ್ರಸಾದ ಏನು ಮಾಡ್ತೈತೆ?"

ನಾನು ಕೂಗಾಡಿದೆ. ರಕ್ತ ಯಾಕೆ ಇಳಿಯಿತು, ಕರೆಂಟ್ ಯಾಕೆ ನಿಂತಿತು, ಗಡ್ಡೆ ಮತ್ತೆ ಬೆಳೆಯಬಹುದು ಎಂದು ಡಾಕ್ಟರು ಹೇಳಿದ್ದು, ಇಷ್ಟು ದಿನ ಅವಳಿಂದ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿಬಿಟ್ಟೆ. ಉಮಾ ಬಂದು ನನ್ನ ತೋಳು ಹಿಡಿದಳು. ಅಕ್ಕ ನೆಲದ ಮೇಲಿನ ಹೂವುಗಳನ್ನು ನೋಡುತ್ತಾ ಕೂತಿದ್ದಳು. ಆಮೇಲೆ ಮಾತಾಡಿದಳು. ಬಾಯಿ ಪೂರ್ತಿ ತೆರೆಯದೆ, ನಿಧಾನವಾಗಿ.

"ನಂಗೆ ಹೆದ್ರಿಕೆ ಆಗ್ತೈತೆ ತಮ್ಮಾ."

ನಾನು ಅವಳ ಎದುರು ನೆಲದ ಮೇಲೆ ಕೂತೆ.

"ಆ ಕೋಣೆಯಾಗೆ ನನ್ನ ಮಲಗ್ಸಿ ಎಲ್ಲಾರೂ ಹೊರಗೆ ಹೋಗ್ತಾರೆ. ನರ್ಸಮ್ಮ ಹೋಗ್ತಾಳೆ, ಡಾಕ್ಟ್ರು ಹೋಗ್ತಾರೆ. ಬಾಗ್ಲ ಹಾಕ್ಕಂತಾರೆ. ಅಷ್ಟು ದಪ್ಪ ಬಾಗ್ಲ. ಒಳ್ಳೇದೇ ಆಗಿದ್ರೆ ಅವ್ರು ಯಾಕ ಓಡ್ತಾರೆ? ಒಳಗೆ ಆ ಮಿಷಿನ್ನು, ನಾನು. ಮೈಮ್ಯಾಲೆ ಲಿಂಗಾನೂ ಇಲ್ಲ. ಲಿಂಗ ಇಲ್ದೆ ಇರೋ ಮೈ ಹೆಣ ಇದ್ದಂಗೆ ಅಂತ ಅಪ್ಪ ಹೇಳ್ತಿರ್ಲಿಲ್ವಾ? ಅಲ್ಲೇ ಜೀವ ಹೋದ್ರೆ ಹೆಂಗೆ ಹೋಗ್ತೀನಿ ನಾನು? ಅದಕ್ಕೇ ಲಿಂಗಕ್ಕೆ ಏರ್ಸಿದ ಹೂವನ್ನಾದ್ರೂ ಹೊಟ್ಟ್ಯಾಗೆ ಇಟ್ಕಂಡು ಹೋಗಾನ ಅಂತ. ಡಾಕ್ಟ್ರೂ ಅದೇ ಹೂವು ಹೇಳಿದ್ರಲ್ಲ. ಶಿವನೇ ಹೇಳ್ಸಿದ ಅನ್ಕಂಡೆ."

ಏನು ಹೇಳುತ್ತೀರಿ ಇದಕ್ಕೆ? ದಿನಾ ಅವಳ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂತವನು ನಾನು. ಕೈ ನೋಯುತ್ತಿದೆ ಎಂದು ಯೋಚಿಸಿದ್ದೆ. ಜನ ನೋಡುತ್ತಾರೆ ಎಂದು ಯೋಚಿಸಿದ್ದೆ. ಒಳಗೆ ಮಲಗಿದವಳಿಗೆ ಏನು ಅನ್ನಿಸುತ್ತಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನಾವೆಲ್ಲ ಅವಳ ಗಡ್ಡೆಗೆ ಹೆದರುತ್ತಿದ್ದೆವು. ಅವಳು ಹೆದರುತ್ತಿದ್ದದ್ದು ಆ ಬಾಗಿಲಿಗೆ.

ಅಂದೇ ಡಾಕ್ಟರ ಹತ್ತಿರ ಹೋದೆ. ಹೂವಿನ ಕಥೆ ಪೂರ್ತಿ ಹೇಳಿದೆ. ಎಲ್ಲರೂ ಯಾಕೆ ಹೊರಗೆ ಓಡುತ್ತೀರಿ ಎಂದೂ ಕೇಳಿದೆ. "ಅಮ್ಮನಿಗೆ ಬೀಳೋದು ಅಮ್ಮನ ಗಡ್ಡೆಗೆ ಬೇಕಾದಷ್ಟು ಕಿರಣ ಮಾತ್ರ. ನಾವು ಒಳಗೇ ನಿಂತರೆ ನಮಗೆ ದಿನಾ ಎಲ್ಲ ರೋಗಿಗಳ ಪಾಲೂ ಬೀಳುತ್ತಲ್ಲ ಸರ್, ಅದಕ್ಕೆ" ಎಂದರು. ಇದನ್ನು ಅಕ್ಕನಿಗೇ ಹೇಳಬೇಕಿತ್ತು ಎಂದೂ ಅವರೇ ಅಂದರು. ಕೊನೆಗೆ ಸಂಕೋಚದಿಂದ ಲಿಂಗದ ವಿಷಯ ಎತ್ತಿದೆ. ಬೆಳ್ಳಿ ಕರಡಿಗೆ, ಯಂತ್ರಕ್ಕೆ ಆಗುವುದಿಲ್ಲ, ಗೊತ್ತು, ಆದರೂ ಎಂದು ಏನೇನೋ ತೊದಲಿದೆ.

ಅವರು ನನ್ನನ್ನೇ ನೋಡಿದರು. "ಕಿರಣ ಬೀಳೋದು ಕೆನ್ನೆಗೆ, ಕುತ್ತಿಗೆಗೆ. ಆ ದಾರೀಲಿ ಲೋಹ ಬೇಡ ಅಂದಿದ್ದು ಅಷ್ಟೇ. ಕೈಯಲ್ಲಿ ಹಿಡ್ಕೊಂಡು ಮಲಗಲಿ, ನಮಗೇನು ತೊಂದರೆ? ಕೇಳಿದ್ದರೆ ಮೊದಲ ದಿನವೇ ಹೇಳ್ತಿದ್ದೆ."

ಕೇಳಿದ್ದರೆ! ಯಾರು ಕೇಳಬೇಕಿತ್ತು? ಅಕ್ಕ ಕೇಳಲಿಲ್ಲ, ದೊಡ್ಡ ಆಸ್ಪತ್ರೆ ಎಂಬ ಭಯ. ನಾನು ಕೇಳಲಿಲ್ಲ, ಓದಿದವನಾಗಿ ಇಂಥದ್ದೆಲ್ಲ ಕೇಳುವುದೇ ಎಂಬ ನಾಚಿಕೆ. ಅವರು ಕೇಳಿದ್ದು ಔಷಧಿಯ ಬಗ್ಗೆ ಮಾತ್ರ.

ಗೇಟಿನ ಪಕ್ಕದ ಪೊದೆಯನ್ನು ಉಮಾ ಬುಡಸಮೇತ ಕಿತ್ತಳು. ಪಾಪ, ಗಿಡದ ತಪ್ಪೇನಿದೆ? ಎಲ್ಲೋ ಯಾರದೋ ಮಗುವಿನ ರಕ್ತದ ಕಾಯಿಲೆಗೆ ಅದರದೇ ಜಾತಿ ಔಷಧಿಯಾಗಿರಬಹುದು. ನಾಳೆ ಯಾವುದೋ ಗಿಡದ ಅಂಶ, ಅಳೆದು ತೂಗಿ, ಗಡ್ಡೆಗೆ ಮಾತ್ರ ತಗಲುವಂತೆ, ಕರೆಂಟಿನ ಜೊತೆ ಕೊಡುವ ಕಾಲವೂ ಬರಬಹುದು. ಬರಲಿ ಎಂದು ಈಗ ನಾನೂ ಬೇಡಿಕೊಳ್ಳುತ್ತೇನೆ. ಆದರೆ ಅದು ನಮ್ಮ ಗೇಟಿನಿಂದ ಲೋಟಕ್ಕೆ ಬರುವಂಥದ್ದಲ್ಲ. ಸೋದರತ್ತೆಯ ಪುಡಿ ಏನೆಂದು ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ನಗುತ್ತಾಳೆ.

ರಕ್ತ ಏರುವುದನ್ನು ಕಾಯುವುದಿದೆಯಲ್ಲ, ಅದು ವೈರಿಗೂ ಬೇಡ. ಬೆಳಿಗ್ಗೆ ಎದ್ದರೆ ಅಕ್ಕನ ಕೆನ್ನೆ ನೋಡುವುದು. ನಿನ್ನೆಗಿಂತ ಊದಿದೆಯೇ? ಬೆಳಕು ಸರಿ ಇಲ್ಲವೇ? ಕಿಟಕಿ ತೆರೆದು ಮತ್ತೆ ನೋಡುವುದು. ಅಕ್ಕನಿಗೆ ಜ್ವರ ಬಂದರೆ ಎಂದು ಕೈ ತೊಳೆಯದೆ ಯಾರೂ ಹತ್ತಿರ ಹೋಗುವಂತಿಲ್ಲ. ಬಂದ ನೆಂಟರನ್ನು ಜಗಲಿಯಲ್ಲೇ "ಕೂಡ್ರಿ" ಎಂದು ಕೂರಿಸಿ, ತಂದ ಪೊಟ್ಟಣ ವಾಪಸ್ ಕೊಟ್ಟೆ. ಇಬ್ಬರು ಮಾತು ಬಿಟ್ಟಿದ್ದಾರೆ. ಹೋದ ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಇದೇ ಉತ್ತರ. ಪೆನ್ನು ಹಿಡಿದರೆ ಒಂದು ಸಾಲೂ ಬರುತ್ತಿರಲಿಲ್ಲ.

ನಿನ್ನೆ ರಕ್ತ ಸ್ವಲ್ಪ ಏರಿದೆ ಎಂದರು. ಕರೆಂಟ್ ಮತ್ತೆ ಶುರು. ನಡುವೆ ಹೋದ ದಿನಗಳು ಏನು ಮಾಡಿವೆ ಎಂದು ಕೇಳಿದೆ. "ಈಗಲೇ ಹೇಳೋಕಾಗಲ್ಲ ಸರ್," ಎಂದರು ಡಾಕ್ಟರು. ಆಮೇಲೆ ಅಕ್ಕನ ಹತ್ತಿರ ಬಗ್ಗಿ ತಾವು ಯಾಕೆ ಹೊರಗೆ ನಿಲ್ಲುತ್ತೇವೆ, ಕೋಣೆಯ ಗಾಜಿನ ಕಿಟಕಿಯ ಈ ಕಡೆಯಿಂದ ಅವಳನ್ನು ನೋಡುತ್ತಲೇ ಇರುತ್ತೇವೆ ಎಂದು ನಿಧಾನವಾಗಿ ಹೇಳಿದರು. ಅಕ್ಕ ತಲೆ ಆಡಿಸಿದಳು.

ಕೊರಳಿನಿಂದ ಶಿವದಾರ ತೆಗೆದಳು. ಅಭ್ಯಾಸಬಲದಿಂದ ನಾನು ಅಂಗೈ ಚಾಚಿದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕರಡಿಗೆಯನ್ನು ತನ್ನ ಮುಷ್ಟಿಯಲ್ಲೇ ಹಿಡಿದುಕೊಂಡು ಒಳಗೆ ಹೋದಳು. ತಿರುಗಿ ನೋಡಲಿಲ್ಲ. ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಕೂತು ನೋಡಿಕೊಂಡರೆ ನನ್ನ ಎರಡೂ ಕೈ ಎಲ್ಲರಿಗೂ ಕಾಣುವ ಹಾಗೆ ನಡುಗುತ್ತಿದ್ದವು.

ಅಕ್ಕ ಲಿಂಗ ಹಿಡಿದುಕೊಂಡಳು, ಇನ್ನು ಆ ಬಾಗಿಲಿನ ಈಚೆ ಕೂತ ನಾನು ಏನನ್ನು ಹಿಡಿದುಕೊಳ್ಳಲಿ?